ಮೊದಲು ನಗಲಿ, ಉಳಿದದ್ದು ಆಮೇಲೆ

ಹೋದ ಏಪ್ರಿಲ್‌ನಲ್ಲಿ ಒಂದು ಪುಸ್ತಕದಂಗಡಿಯಲ್ಲಿದ್ದೆ. ಶಾಲೆಗೆ ರಜೆ ಬಿದ್ದ ಹೊಸದು. ಅಪ್ಪ, ಮಗಳು ಬಂದರು. ಮಗಳಿಗೆ ಒಂಬತ್ತೋ ಹತ್ತೋ ಇರಬೇಕು. “ಮಕ್ಕಳಿಗೆ ಒಳ್ಳೇ ನೀತಿ ಇರೋ ಕತೆಪುಸ್ತಕ ಕೊಡಿ ಸಾರ್” ಎಂದರು ಅಪ್ಪ. ಅಂಗಡಿಯವರು ನಾಲ್ಕೈದು ತೆಗೆದು ಮೇಜಿನ ಮೇಲೆ ಹರಡಿದರು. ಅಷ್ಟರಲ್ಲಿ ಹುಡುಗಿ ಕೆಳಗಿನ ಕಪಾಟಿನ ಮುಂದೆ ಚಕ್ಕಳಮಕ್ಕಳ ಹಾಕಿ ಕೂತು ಒಂದು ತೆಳ್ಳನೆಯ ಚಿತ್ರಪುಸ್ತಕ ಬಿಡಿಸಿಕೊಂಡಿದ್ದಳು. ಶೃಂಗೇರಿ ಶ್ರೀನಿವಾಸನ ಕತೆ ಅದು. ಮಾರುದ್ದ ಕೂದಲಿನ ಈ ಆಸಾಮಿ ವರ್ಷಕ್ಕೊಮ್ಮೆ ಕೂದಲು ಕತ್ತರಿಸಿಕೊಳ್ಳಲು ಹೊರಡುತ್ತಾನೆ. ಯಾರ ಹತ್ತಿರ ಹೋದರೂ ಅವರಿಗೆ ಪುರುಸೊತ್ತಿಲ್ಲ. ಹುಡುಗಿ ಪುಟ ತಿರುಗಿಸುತ್ತ ಕಿಸಕ್ಕನೆ ನಕ್ಕಳು. “ಅಪ್ಪಾ, ಇಲ್ನೋಡು, ಇವನ ಕೂದಲು!” ಅಪ್ಪ ಬಂದು ಕೈಗೆ ತೆಗೆದುಕೊಂಡರು, ಹಿಂದೆ ಮುಂದೆ ನೋಡಿದರು. “ಇದ್ರಲ್ಲಿ ಕಲಿಯೋಕೆ ಏನಿದೆ ಪುಟ್ಟಿ?” ಎಂದು ಇದ್ದಲ್ಲೇ ಇಟ್ಟರು. ಮೇಜಿನ ಮೇಲಿನ ಪುಸ್ತಕಗಳಲ್ಲಿ ಎರಡನ್ನು ಕಟ್ಟಿಸಿಕೊಂಡು ಹೋದರು. ಹುಡುಗಿ ಬಾಗಿಲು ದಾಟುವ ಮುಂಚೆ ಒಮ್ಮೆ ಆ ಕಪಾಟಿನತ್ತ ತಿರುಗಿ ನೋಡಿದಳು.

ಆ ಅಪ್ಪನ ಮೇಲೆ ನನಗೆ ಸಿಟ್ಟಿಲ್ಲ. ಮಗಳಿಗೆ ಕನ್ನಡ ಓದಿಸಬೇಕು ಅನ್ನಿಸಿ, ಬಿಸಿಲಲ್ಲಿ ಅಂಗಡಿ ಹುಡುಕಿಕೊಂಡು ಬಂದವರು. ಆದರೆ ಆ ದಿನ ಆ ಮಗು ತಾನೇ ಆರಿಸಿದ ಪುಸ್ತಕ ಅವಳ ಮನೆಗೆ ಹೋಗಲಿಲ್ಲ. ಮಕ್ಕಳ ಪುಸ್ತಕ ಆರಿಸುವ ವಿಷಯದಲ್ಲಿ ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಇಷ್ಟೇ: ಓದುತ್ತ ಓದುತ್ತ ಮಗು ನಕ್ಕಿತೇ, ‘ಮುಂದೇನಾಯ್ತು’ ಎಂದು ಕೇಳಿತೇ ಎನ್ನುವುದನ್ನು ಮೊದಲು ನೋಡಿ. ನೀತಿ, ಮಾಹಿತಿ, ಭಾಷೆ ಎಲ್ಲವೂ ಆ ನಗುವಿನ ಬೆನ್ನು ಹತ್ತಿ ತಾವಾಗಿ ಬರುತ್ತವೆ. ನಗು ಇಲ್ಲದಿದ್ದರೆ ಅವು ಯಾವುವೂ ಬರುವುದಿಲ್ಲ, ಪುಸ್ತಕ ಶೋಕೇಸಿನಲ್ಲಿ ಕೂರುತ್ತದೆ.

ಕನ್ನಡದ ಮಕ್ಕಳ ಸಾಹಿತ್ಯ ಹುಟ್ಟಿದ್ದೇ ನಗುನಗುತ್ತ. ಪಂಜೆ ಮಂಗೇಶರಾಯರ ‘ಸಿಗಡಿ ಯಾಕೆ ಒಣಗಲಿಲ್ಲ’ ಓದಿ ನೋಡಿ. ಒಂದು ಸಣ್ಣ ಪ್ರಶ್ನೆ ಒಬ್ಬರಿಂದ ಇನ್ನೊಬ್ಬರಿಗೆ ದಾಟುತ್ತ ಸರಪಳಿಯಾಗುತ್ತದೆ. ಎಲ್ಲರೂ ತಪ್ಪನ್ನು ಪಕ್ಕದವರ ಮೇಲೆ ಹಾಕುತ್ತಾರೆ. ಮೂರನೆಯ ಸಲ ಓದುವಾಗ ಮಗು ನಿಮಗಿಂತ ಮೊದಲೇ ಮುಂದಿನ ಕೊಂಡಿ ಹೇಳಿಬಿಡುತ್ತದೆ. ಕುವೆಂಪು ಅವರು ಇಂಗ್ಲಿಷ್ ಕವಿ ಬ್ರೌನಿಂಗ್‌ನ ಕತೆಯನ್ನು ತಂದು ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ ಮಾಡಿದಾಗ ಇಲಿಗಳು ಎಷ್ಟು ಬಗೆ, ಅವು ಎಲ್ಲೆಲ್ಲಿ ನುಗ್ಗಿದವು ಎಂದು ಹೇಳುವುದರಲ್ಲೇ ಅರ್ಧ ಖುಷಿ ಇದೆ. ಜಿ.ಪಿ. ರಾಜರತ್ನಂ ಅವರ ತುತ್ತೂರಿ ಇಂದಿಗೂ ಅಂಗನವಾಡಿಯಲ್ಲಿ ಊದುತ್ತಿದೆ. ನೂರು ವರ್ಷಗಳ ಈ ಆಸ್ತಿಯನ್ನು ನಮ್ಮಲ್ಲಿ ಅನೇಕರು ಪಠ್ಯಪುಸ್ತಕದ ಪಾಠವಾಗಿ ಮಾತ್ರ ಕಂಡಿದ್ದೇವೆ. ಕೊನೆಯಲ್ಲಿ ಪ್ರಶ್ನೋತ್ತರ ಇಲ್ಲದೆ ಓದಿಸಿದರೆ ಅದೇ ಪದ್ಯಕ್ಕೆ ಬೇರೆಯೇ ಜೀವ ಬರುತ್ತದೆ.

ಏಳು ವರ್ಷದವರೆಗೆ ಕಣ್ಣಿಗಿಂತ ಕಿವಿ ಮುಖ್ಯ

ಪುಟ್ಟ ಮಕ್ಕಳನ್ನು ನಗಿಸುವುದು ಶಬ್ದ. ದಬಕ್, ದುಡುಂ, ಢಣಾಡಂಗೂರ, ಗುಳುಂ. ವೈದೇಹಿ ಅವರ ಮಕ್ಕಳ ನಾಟಕಗಳ ಹೆಸರುಗಳನ್ನೇ ಒಮ್ಮೆ ಬಾಯಿ ಬಿಟ್ಟು ಹೇಳಿ: ‘ಧಾಂ ಧೂಂ ಸುಂಟರಗಾಳಿ’, ‘ಝುಂ ಝಾಂ ಆನೆ ಮತ್ತು ಪುಟ್ಟ’, ‘ಕೋಟು ಗುಮ್ಮ’, ‘ಗೊಂಬೆ ಮ್ಯಾಕ್‌ಬೆತ್’. ಶೇಕ್ಸ್‌ಪಿಯರನನ್ನು ಮಕ್ಕಳ ಅಂಗಳಕ್ಕೆ ಕರೆತಂದ ರೀತಿ ಅದು. ನಾಟಕ ಎಂದರೆ ಆಡುವವರಿಗೆ ಮಾತ್ರ ಎಂದುಕೊಳ್ಳಬೇಡಿ. ಮನೆಯಲ್ಲಿ ಮೂವರಿದ್ದರೆ ಪಾತ್ರ ಹಂಚಿಕೊಂಡು ಗಟ್ಟಿಯಾಗಿ ಓದಬಹುದು. ಅಜ್ಜಿ ಸಿಕ್ಕರೆ ಇನ್ನೂ ಒಳ್ಳೆಯದು. ಚಾಪೆಯ ಮೇಲೆ ಕೂತು ಒಂದು ದೃಶ್ಯ ಓದುವಷ್ಟರಲ್ಲಿ ಮಗು ಎದ್ದು ನಿಂತು ಅಭಿನಯಿಸತೊಡಗುತ್ತದೆ.

ಈ ವಯಸ್ಸಿನವರಿಗೆ ಹೊಸ ಪುಸ್ತಕಗಳು ಹೆಚ್ಚಾಗಿ ಸಿಗುವುದು ಚಿತ್ರಪುಸ್ತಕಗಳ ರೂಪದಲ್ಲಿ. ಬೆಂಗಳೂರಿನಲ್ಲಿ 2004ರಲ್ಲಿ ಶುರುವಾದ ಪ್ರಥಮ್ ಬುಕ್ಸ್, ಚೆನ್ನೈನ ತೂಲಿಕಾ, ದೆಹಲಿಯ ನ್ಯಾಷನಲ್ ಬುಕ್ ಟ್ರಸ್ಟ್ ಮೂರೂ ಕನ್ನಡದಲ್ಲಿ ತರುತ್ತವೆ. ತೂಲಿಕಾದಲ್ಲಿ ಒಂದೇ ಪುಟದಲ್ಲಿ ಕನ್ನಡ, ಇಂಗ್ಲಿಷ್ ಎರಡೂ ಇರುವ ಪುಸ್ತಕಗಳಿವೆ. ನ್ಯೂಜೆರ್ಸಿಯಲ್ಲೋ ಸಿಂಗಪುರದಲ್ಲೋ ಇರುವ ಮೊಮ್ಮಗನಿಗೆ ಕಳಿಸಲು ಇದಕ್ಕಿಂತ ಹದವಾದದ್ದು ಇಲ್ಲ: ಅವನಿಗೆ ಕತೆ ಗೊತ್ತಾಗುತ್ತದೆ, ಅಜ್ಜ ಫೋನಿನಲ್ಲಿ ಕನ್ನಡದ ಸಾಲು ಓದಿ ಹೇಳಬಹುದು.

ದುಡ್ಡಿಲ್ಲದೆಯೂ ಇದು ಆಗುತ್ತದೆ. ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ‘ಸ್ಟೋರಿವೀವರ್’ ಎಂಬ ಜಾಲತಾಣದಲ್ಲಿ ಕನ್ನಡದ ಚಿತ್ರಕತೆಗಳು ರಾಶಿ ಬಿದ್ದಿವೆ. ಓದುವುದಕ್ಕೂ ಇಳಿಸಿಕೊಂಡು ಅಚ್ಚು ಹಾಕಿಸುವುದಕ್ಕೂ ಶುಲ್ಕವಿಲ್ಲ. ಅಲ್ಲಿ ಪುಸ್ತಕಗಳಿಗೆ ನಾಲ್ಕು ಹಂತ ಹಚ್ಚಿದ್ದಾರೆ. 250 ಪದಗಳೊಳಗಿನದು ಮೊದಲ ಹಂತ, 600ರವರೆಗೆ ಎರಡನೆಯದು, 1,500ರವರೆಗೆ ಮೂರನೆಯದು, ಅದಕ್ಕೂ ಮೇಲೆ ನಾಲ್ಕನೆಯದು. ಇದನ್ನು ವಯಸ್ಸಿನ ಹಂತ ಎಂದು ತಿಳಿಯಬಾರದು, ಓದಿನ ಹಂತ ಅದು. ಇಂಗ್ಲಿಷ್ ಮಾಧ್ಯಮದ ಹತ್ತು ವರ್ಷದ ಮಗುವಿಗೆ ಕನ್ನಡದಲ್ಲಿ ಎರಡನೇ ಹಂತವೇ ಸಾಕಾಗಬಹುದು, ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಆದರೆ ಆ ಹಂತದ ಕತೆಗಳಲ್ಲೇ ಸ್ವಲ್ಪ ದೊಡ್ಡ ಮಕ್ಕಳಿಗೆ ಒಪ್ಪುವ ತಮಾಷೆ ಇರುವಂಥದ್ದನ್ನು ಹುಡುಕಿ ಕೊಡಿ. ಹತ್ತು ವರ್ಷದವಳ ಕೈಗೆ ಬಾತುಕೋಳಿಯ ಎಬಿಸಿಡಿ ಪುಸ್ತಕ ಕೊಟ್ಟರೆ ಅವಳಿಗೆ ಅವಮಾನವಾಗುತ್ತದೆ.

ಎಡವುವುದು ಒತ್ತಕ್ಷರದಲ್ಲಿ

ಎಂಟರಿಂದ ಹನ್ನೆರಡರ ನಡುವಿನ ಎಷ್ಟೋ ಮಕ್ಕಳು ಕನ್ನಡದಲ್ಲಿ ಮಾತಾಡುತ್ತಾರೆ, ನಗುತ್ತಾರೆ, ಜಗಳವನ್ನೂ ಆಡುತ್ತಾರೆ. ಪುಸ್ತಕ ಕೊಟ್ಟರೆ ಮಾತ್ರ ಎರಡನೇ ಸಾಲಿಗೆ ನಿಲ್ಲುತ್ತಾರೆ. ತೊಡಕು ಅರ್ಥದ್ದಲ್ಲ, ಹೆಚ್ಚಿನ ಸಲ ಒತ್ತಕ್ಷರದ್ದು. ‘ಸ್ವಾತಂತ್ರ್ಯ’, ‘ಉತ್ಕೃಷ್ಟ’, ‘ಅಸ್ತ್ರ’ ಒಂದೇ ಪುಟದಲ್ಲಿ ಸಾಲಾಗಿ ಬಂದರೆ ಉಸಿರು ಕಟ್ಟುತ್ತದೆ. ಆದ್ದರಿಂದ ಅಂಗಡಿಯಲ್ಲೇ ಒಂದು ಪರೀಕ್ಷೆ ಮಾಡಿ. ಪುಸ್ತಕದ ನಡುವಿನ ಯಾವುದಾದರೂ ಪುಟ ತೆರೆದು ಮಗುವಿಗೆ ಓದಲು ಹೇಳಿ. ಎಡವಿದ ಪ್ರತಿ ಪದಕ್ಕೆ ಒಂದು ಬೆರಳು ಮಡಚಲಿ. ಪುಟ ಮುಗಿಯುವುದರೊಳಗೆ ಐದೂ ಬೆರಳು ಮಡಚಿದರೆ ಆ ಪುಸ್ತಕವನ್ನು ನೀವು ಓದಿ ಹೇಳುವುದಕ್ಕೆ ಇಟ್ಟುಕೊಳ್ಳಿ. ಅದು ಒಬ್ಬಳೇ ಓದುವ ಪುಸ್ತಕ ಇನ್ನೂ ಆಗಿಲ್ಲ. ಒಂದೋ ಎರಡೋ ಮಡಚಿದರೆ ಕಣ್ಣು ಮುಚ್ಚಿಕೊಂಡು ತೆಗೆದುಕೊಳ್ಳಬಹುದು.

ಈ ವಯಸ್ಸಿನವರ ಪಾಲಿಗೆ ಕಳೆದ ಕೆಲವು ವರ್ಷಗಳು ಒಳ್ಳೆಯ ವರ್ಷಗಳು. ಕೇಂದ್ರ ಸಾಹಿತ್ಯ ಅಕಾಡೆಮಿ 2010ರಿಂದ ಬಾಲ ಸಾಹಿತ್ಯ ಪುರಸ್ಕಾರ ಕೊಡುತ್ತಿದೆ. ಕನ್ನಡದಲ್ಲಿ ಮೊದಲ ಸಲ ಅದು ಬಂದದ್ದು ಬೊಳುವಾರು ಮಹಮದ್ ಕುಂಞಿ ಅವರ ‘ಪಾಪು ಗಾಂಧಿ, ಗಾಂಧಿ ಬಾಪು ಆದ ಕತೆ’ಗೆ. ಮರುವರ್ಷ ಸಾಗರದ ನಾ. ಡಿಸೋಜ ಅವರ ‘ಮುಳುಗಡೆಯ ಊರಿಗೆ ಬಂದವರು’ ಪುಸ್ತಕಕ್ಕೆ. ಆಮೇಲೆ ಕೆಲವು ವರ್ಷ ಹಿರಿಯ ಲೇಖಕರ ಒಟ್ಟು ಸೇವೆಗೆ ಗೌರವ ಸಂದಿತು. 2021ರಿಂದ ಈಚೆಗೆ ನೋಡಿ: ಆ ವರ್ಷ ಬಸು ಬೇವಿನಗಿಡದ ಅವರ ‘ಓಡಿ ಹೋದ ಹುಡುಗ’, 2022ರಲ್ಲಿ ಸಿದ್ದಾಪುರದ ತಮ್ಮಣ್ಣ ಬೀಗಾರ ಅವರ ‘ಬಾವಲಿ ಗುಹೆ’, 2023ರಲ್ಲಿ ವಿಜಯಶ್ರೀ ಹಾಲಾಡಿ ಅವರ ‘ಸೂರಕ್ಕಿ ಗೇಟ್’. ಮೂರು ವರ್ಷ ಒಂದರ ಹಿಂದೆ ಒಂದು ಮಕ್ಕಳ ಕಾದಂಬರಿಗಳಿಗೇ ಪುರಸ್ಕಾರ ಬಂತು. ನಂತರ 2024ರಲ್ಲಿ ಕೃಷ್ಣಮೂರ್ತಿ ಬಿಳಿಗೆರೆ ಅವರ ‘ಛೂಮಂತ್ರಯ್ಯನ ಕಥೆಗಳು’, 2025ರಲ್ಲಿ ಕೆ. ಶಿವಲಿಂಗಪ್ಪ ಹಂದಿಹಾಳ ಅವರ ‘ನೋಟ್ ಬುಕ್’. ಇವೆರಡು ಕಥಾಸಂಕಲನಗಳು.

ಈ ಹೆಸರುಗಳನ್ನೇ ಒಂದು ಸಲ ಓದಿಕೊಳ್ಳಿ. ಓಡಿ ಹೋಗುವ ಹುಡುಗ, ಬಾವಲಿಗಳ ಗುಹೆ, ಗೇಟು, ಶಾಲೆಯ ನೋಟ್ ಬುಕ್ಕು. ರಾಜಕುಮಾರ, ಮಾಂತ್ರಿಕ, ಏಳು ಸಮುದ್ರಗಳ ಜಾಗಕ್ಕೆ ಮಕ್ಕಳು ದಿನಾ ಮುಟ್ಟುವ, ಕದ್ದು ನೋಡುವ, ಹೆದರುವ ವಸ್ತುಗಳು ಬಂದು ಕೂತಿವೆ. ಸೂರಕ್ಕಿ ಎಂದರೆ ದಾಸವಾಳಕ್ಕೆ ಕೊಕ್ಕು ಚಾಚಿ ಮಕರಂದ ಹೀರುವ ಆ ಪುಟಾಣಿ ಹಕ್ಕಿ. ಪಟ್ಟಣದ ಮಗು ಹೆಸರು ಕೇಳಿಲ್ಲದಿದ್ದರೂ ಬಾಲ್ಕನಿಯ ಕುಂಡದ ಹತ್ತಿರ ಅದನ್ನು ಕಂಡಿರುತ್ತದೆ. ಪುಸ್ತಕ ಕೊಡುವ ಮೊದಲು ಹಕ್ಕಿ ತೋರಿಸಿ. ಹಕ್ಕಿಯನ್ನು ಕಂಡ ಮಗು ಪುಸ್ತಕವನ್ನು ತಾನೇ ಕೇಳುತ್ತದೆ.

ಮಕ್ಕಳ ಕಾದಂಬರಿ ಎಂಬುದಕ್ಕೆ ನಾನು ಇಷ್ಟು ಒತ್ತು ಕೊಡಲು ಕಾರಣವಿದೆ. ಸಣ್ಣ ಕತೆ ಓದಿದ ಮಗು ಕತೆ ಮುಗಿದೊಡನೆ ಎದ್ದು ಹೋಗುತ್ತದೆ. ಕಾದಂಬರಿ ಓದುವ ಮಗು ನಾಳೆಯ ದಾರಿ ಕಾಯುತ್ತದೆ. ಒಂದು ಅಧ್ಯಾಯ ಇವತ್ತು, ಇನ್ನೊಂದು ನಾಳೆ ಎಂದು ಹತ್ತು ದಿನ ಒಂದೇ ಲೋಕದಲ್ಲಿ ಇರುವ ಅಭ್ಯಾಸ ಹನ್ನೊಂದು ಹನ್ನೆರಡರೊಳಗೆ ಬಂದುಬಿಟ್ಟರೆ ಮುಂದೆ ಮೊಬೈಲು ಎಷ್ಟೇ ಜಗ್ಗಿದರೂ ಅದು ಪೂರ್ತಿ ಕಳೆದುಹೋಗುವುದಿಲ್ಲ.

ಇದೇ ವಯಸ್ಸಿಗೆ ಇನ್ನೊಂದು ಪುಸ್ತಕ ಹೇಳದೆ ಮುಂದೆ ಹೋಗಲಾರೆ. ಜಪಾನಿನ ತೆತ್ಸುಕೋ ಕುರೊಯಾನಾಗಿ 1981ರಲ್ಲಿ ಬರೆದ ‘ತೊತ್ತೋ ಚಾನ್’. ನ್ಯಾಷನಲ್ ಬುಕ್ ಟ್ರಸ್ಟ್ ಇದನ್ನು ಕನ್ನಡದಲ್ಲಿ ತಂದಿದೆ. ಬಾಲ್ಯದ ನೆನಪುಗಳಾದರೂ ಕತೆಯಂತೆಯೇ ಓಡುತ್ತದೆ. ತರಗತಿಯಲ್ಲಿ ಡೆಸ್ಕಿನ ಮುಚ್ಚಳ ತೆಗೆದು ಹಾಕಿ ತೆಗೆದು ಹಾಕಿ ಸದ್ದು ಮಾಡಿದ್ದಕ್ಕೆ, ಕಿಟಕಿಯಲ್ಲಿ ನಿಂತು ಬೀದಿಯ ವಾದ್ಯದವರನ್ನು ಕರೆದದ್ದಕ್ಕೆ ಒಂದನೇ ತರಗತಿಯಲ್ಲೇ ಶಾಲೆಯಿಂದ ಹೊರಬಿದ್ದ ಹುಡುಗಿ ತೊತ್ತೋ ಚಾನ್. ಹೊಸ ಶಾಲೆಯ ತರಗತಿಗಳು ಹಳೆಯ ರೈಲು ಬೋಗಿಗಳಲ್ಲಿ ನಡೆಯುತ್ತವೆ. ಮೊದಲ ದಿನ ಹೆಡ್‌ಮಾಸ್ತರರು ಅವಳನ್ನು ಎದುರಿಗೆ ಕೂರಿಸಿಕೊಂಡು ನಾಲ್ಕು ಗಂಟೆ ಅವಳ ಮಾತು ಕೇಳುತ್ತಾರೆ. ಆ ಪುಟಗಳನ್ನು ಓದಿಸಿಕೊಂಡ ಪ್ರತಿ ಮಗುವೂ ನನ್ನನ್ನು ಒಂದೇ ಪ್ರಶ್ನೆ ಕೇಳಿದೆ: “ನಿಜವಾಗ್ಲೂ ನಾಲ್ಕು ಗಂಟೆ ಕೇಳಿದ್ರಾ?”

ಹದಿಮೂರಕ್ಕೆ ಬಂದಾಗ

ಕಷ್ಟ ಇರುವುದು ಇಲ್ಲಿ. ಏಳನೇ ತರಗತಿಯವರೆಗೆ ಕನ್ನಡದ ಕತೆ ಓದುತ್ತಿದ್ದ ಮಗು ಎಂಟಕ್ಕೆ ಬಂದೊಡನೆ ಕೈಬಿಡುತ್ತದೆ. ಮಕ್ಕಳ ಪುಸ್ತಕ ಚಿಕ್ಕದಾಯಿತು, ದೊಡ್ಡವರ ಕಾದಂಬರಿ ಇನ್ನೂ ದೊಡ್ಡದು. ಇಂಗ್ಲಿಷಿನಲ್ಲಿ ಈ ನಡುವಿನ ವಯಸ್ಸಿಗೆಂದೇ ಕಪಾಟು ತುಂಬ ಪುಸ್ತಕ ಇರುವುದರಿಂದ ಓದುವ ಮಕ್ಕಳು ಆ ಕಡೆ ಹೊರಳುತ್ತಾರೆ, ಓದದವರು ರೀಲ್ಸ್ ಕಡೆಗೆ. ಹದಿಹರೆಯದವರಿಗೆಂದೇ ಬರೆದ ಕನ್ನಡ ಕಾದಂಬರಿಗಳು ಕಡಿಮೆ ಎನ್ನುವುದು ನಿಜ. ನಮ್ಮ ಲೇಖಕರು, ಪ್ರಕಾಶಕರು ಮನಸ್ಸು ಮಾಡಬೇಕಾದದ್ದೂ ಇಲ್ಲೇ. ಆದರೆ ಅಲ್ಲಿಯವರೆಗೆ ಕೈಕಟ್ಟಿ ಕೂರಬೇಕಾಗಿಲ್ಲ. ಹದಿಮೂರರ ಹುಡುಗ ಹುಡುಗಿಯರ ಕೈಗೆ ನೇರವಾಗಿ ಕೊಡಬಹುದಾದ ಲೇಖಕರೊಬ್ಬರು ನಮ್ಮಲ್ಲಿದ್ದಾರೆ.

ಎರಡು ವರ್ಷದ ಹಿಂದೆ ಮಳೆಗಾಲದಲ್ಲಿ ನನ್ನ ಅಕ್ಕನ ಮಗ ಒಂದು ವಾರ ನಮ್ಮ ಮನೆಯಲ್ಲಿದ್ದ. ಹದಿಮೂರು ವಯಸ್ಸು, ಇಂಗ್ಲಿಷ್ ಮಾಧ್ಯಮ, “ಚಿಕ್ಕಮ್ಮ, ವೈಫೈ ಪಾಸ್‌ವರ್ಡ್ ಏನು” ಎನ್ನುತ್ತಲೇ ಒಳಗೆ ಬಂದವನು. ಎರಡನೇ ರಾತ್ರಿ ಕರೆಂಟು ಹೋಯಿತು. ಟಾರ್ಚು ಹಚ್ಚಿಕೊಂಡು ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ ಗಟ್ಟಿಯಾಗಿ ಓದಲು ಶುರು ಮಾಡಿದೆ, ಅವನಿಗೆಂದು ಹೇಳಲಿಲ್ಲ. ಜೇನಿನ ವಿಷಯ ಬಂತು, ಮಂದಣ್ಣ ಬಂದ, ಕಿವಿ ಎಂಬ ನಾಯಿ ಬಂತು. ಬಿರಿಯಾನಿ ಕರಿಯಪ್ಪನ ಹೆಸರು ಕೇಳಿದ್ದೇ ಹುಡುಗ ಮಗ್ಗುಲು ತಿರುಗಿಸಿ ನಕ್ಕ. ಹಾರುವ ಓತಿಯ ಸುದ್ದಿ ಬರುವಷ್ಟರಲ್ಲಿ ಎದ್ದು ಕೂತಿದ್ದ. “ಓತಿ ಹಾರುತ್ತಾ?” ಎಂದ. ನಾನು ಪುಸ್ತಕ ಮುಚ್ಚಿದೆ. ಮೂರನೇ ದಿನ ಪುಸ್ತಕ ನಾನಿಟ್ಟ ಜಾಗದಲ್ಲಿರಲಿಲ್ಲ. ಊರಿಗೆ ಹೊರಟಾಗ ಅವನ ಬ್ಯಾಗಿನಲ್ಲಿತ್ತು.

1980ರಲ್ಲಿ ಬಂದ ಈ ಕಾದಂಬರಿ ಮಕ್ಕಳಿಗೆಂದು ಬರೆದದ್ದಲ್ಲ. ಆದರೂ ಹದಿಹರೆಯಕ್ಕೆ ಬೇಕಾದದ್ದೆಲ್ಲ ಅದರಲ್ಲಿದೆ: ಕಾಡು, ಹುಡುಕಾಟ, ಪತ್ತೇದಾರಿಯ ಕುತೂಹಲ, ಉಪದೇಶ ಮಾಡದ ಹಿರಿಯರು, ಓದು ತಲೆಗೆ ಹತ್ತದಿದ್ದರೂ ಕಾಡನ್ನು ಬಲ್ಲ ಮಂದಣ್ಣ. ಹತ್ತನೇ ತರಗತಿಯ ಅಂಕಗಳ ಭಯದಲ್ಲಿರುವ ಹುಡುಗನಿಗೆ ಮಂದಣ್ಣ ಎಷ್ಟು ದೊಡ್ಡ ಸಮಾಧಾನ ಎಂದು ನಮಗೆ ಹೊರಗಿನಿಂದ ತಿಳಿಯುವುದಿಲ್ಲ. ತೇಜಸ್ವಿಯವರ ‘ಪರಿಸರದ ಕತೆ’ ಇನ್ನೂ ಸುಲಭ. ಒಂದೊಂದು ಬರಹವೂ ಬಿಡಿಬಿಡಿ, ಹತ್ತು ಹದಿನೈದು ನಿಮಿಷದ ಓದು. ‘ಸುಸ್ಮಿತಾ ಮತ್ತು ಹಕ್ಕಿಮರಿ’ಯಿಂದ ಶುರು ಮಾಡಿಸಿ, ‘ಮಾಸ್ತಿ ಮತ್ತು ಬೈರ’ಕ್ಕೆ ಬನ್ನಿ.

ಆಮೇಲೆ ಕೆನೆತ್ ಆಂಡರ್ಸನ್‌ನ ಬೇಟೆಯ ಅನುಭವಗಳನ್ನು ಆಧರಿಸಿ ಅವರು ತಂದ ‘ಕಾಡಿನ ಕತೆಗಳು’ ಮಾಲೆಯ ನಾಲ್ಕು ಪುಸ್ತಕಗಳಿವೆ. ಬೆಂಗಳೂರಿನ ಮಕ್ಕಳಿಗೆ ನಾನು ಮೊದಲು ಕೊಡುವುದು ‘ಜಾಲಹಳ್ಳಿಯ ಕುರ್ಕ’. ಕುರ್ಕ ಎಂದರೆ ಚಿರತೆ. ಈಗ ಮೆಟ್ರೋ ನಿಲ್ದಾಣ ಇರುವ ಜಾಲಹಳ್ಳಿಯಲ್ಲಿ ಒಂದು ಕಾಲಕ್ಕೆ ಚಿರತೆ ಜನರನ್ನು ನಡುಗಿಸಿತ್ತು ಎಂದರೆ ನಂಬದ ಮಕ್ಕಳು ಪುಸ್ತಕ ಹಿಡಿದು ಕೂರುತ್ತಾರೆ. ‘ಮುನಿಶಾಮಿ ಮತ್ತು ಮಾಗಡಿ ಚಿರತೆ’ ಅದೇ ಮಾಲೆಯದು, ಮೈ ಜುಂ ಎನ್ನಿಸುತ್ತಲೇ ನಗಿಸುತ್ತದೆ. ಸೈಬೀರಿಯಾದ ಸೆರೆಯಿಂದ ತಪ್ಪಿಸಿಕೊಂಡು ಕಾಲ್ನಡಿಗೆಯಲ್ಲಿ ಇಂಡಿಯಾದತ್ತ ಹೊರಟವರ ‘ಮಹಾಪಲಾಯನ’ವನ್ನು ಹದಿನಾಲ್ಕಕ್ಕೆ, ‘ಜುಗಾರಿ ಕ್ರಾಸ್’ ಅನ್ನು ಹದಿನೈದು ಹದಿನಾರಕ್ಕೆ ಇಟ್ಟುಕೊಳ್ಳಿ.

ತೇಜಸ್ವಿ ದಾರಿ ತೆರೆದರೆ ಅವರ ತಂದೆಯ ಕಡೆಗೂ ಹೋಗಬಹುದು. ಕುವೆಂಪು ಎಂದರೆ ಗಂ‍ಭೀರ ಕವಿ ಎಂದಷ್ಟೇ ಪಾಠದಲ್ಲಿ ಕಂಡ ಮಕ್ಕಳಿಗೆ ‘ಮಲೆನಾಡಿನ ಚಿತ್ರಗಳು’ ಪುಸ್ತಕದ ‘ಅಜ್ಜಯ್ಯನ ಅಭ್ಯಂಜನ’ ಓದಿ ಹೇಳಿ. ಬಚ್ಚಲು, ಬಿಸಿನೀರು, ಎಣ್ಣೆ, ಅಜ್ಜಯ್ಯ. ಇಷ್ಟರಲ್ಲೇ ಮನೆಯವರೆಲ್ಲ ನಗುವಂತೆ ಮಾಡಿದ್ದಾರೆ ಕುವೆಂಪು. ಗೊರೂರು ರಾಮಸ್ವಾಮಿ ಅಯ್ಯಂಗಾರರ ‘ಹಳ್ಳಿಯ ಚಿತ್ರಗಳು’ ಅದೇ ಸಾಲಿನದು. ಹಳ್ಳಿಯನ್ನೇ ಕಾಣದ ಮಕ್ಕಳಿಗೆ ಕೆಲವು ಪದ ಬಿಡಿಸಿ ಹೇಳಬೇಕಾಗುತ್ತದೆ, ಹೇಳಿದರೆ ಆಯಿತು. ಶಬ್ದಗಳ ಜೊತೆ ಆಟವಾಡುವ ಚುರುಕು ಬುದ್ಧಿಯವರಿಗೆ ನಾ. ಕಸ್ತೂರಿ ಅವರ ‘ಅನರ್ಥಕೋಶ’ ಕೊಡಿ. ಪದಗಳಿಗೆ ತಲೆಕೆಳಗಾದ ಅರ್ಥ ಕೊಡುವ ನಿಘಂಟು ಅದು. ಓದಿದವರು ಎರಡು ದಿನದಲ್ಲಿ ತಮ್ಮ ತರಗತಿಗೆ, ತಮ್ಮ ಮೇಷ್ಟ್ರುಗಳಿಗೆ ಹೊಂದುವ ಅನರ್ಥಕೋಶವನ್ನು ತಾವೇ ಬರೆಯತೊಡಗುತ್ತಾರೆ. ಇದೇ ಕಸ್ತೂರಿಯವರು ‘ಆಲಿಸ್’ ಕತೆಯನ್ನು ‘ಪಾತಾಳದಲ್ಲಿ ಪಾಪಚ್ಚಿ’ ಎಂದು ಕನ್ನಡಕ್ಕೆ ತಂದರು. ಹಳೆಯ ಪುಸ್ತಕಗಳ ಅಂಗಡಿಯಲ್ಲೋ ಗ್ರಂಥಾಲಯದಲ್ಲೋ ಕಣ್ಣಿಗೆ ಬಿದ್ದರೆ ಬಿಡಬೇಡಿ. ಹದಿನಾರಕ್ಕೆ ಬಂದವರಿಗೆ ನಿರಂಜನ ಸಂಪಾದಿಸಿದ, ನವಕರ್ನಾಟಕದ ‘ವಿಶ್ವಕಥಾಕೋಶ’ದ 25 ಸಂಪುಟಗಳಿವೆ. ಎಲ್ಲವನ್ನೂ ಕೊಳ್ಳಬೇಕೆಂದಿಲ್ಲ, ಮಗುವಿಗೆ ಕುತೂಹಲವಿರುವ ದೇಶದ ಒಂದು ಸಂಪುಟ ಸಾಕು.

ಯಾರನ್ನು ನೋಡಿ ನಗುತ್ತಿದ್ದೇವೆ?

ಹಾಸ್ಯ ಎಂದು ಅಚ್ಚಾದದ್ದೆಲ್ಲ ಮಕ್ಕಳಿಗೆ ಒಪ್ಪುವುದಿಲ್ಲ. ದಪ್ಪಗಿರುವವರನ್ನು, ಕಪ್ಪಗಿರುವವರನ್ನು, ತೊದಲುವವರನ್ನು, ಮನೆಗೆಲಸದವರನ್ನು, ಒಂದು ಜಾತಿಯ ಮಾತಿನ ಧಾಟಿಯನ್ನು ಹಿಡಿದು ನಗಿಸುವ ಪುಸ್ತಕಗಳು ಹಿಂದೆ ಬಹಳ ಬಂದಿವೆ, ಈಗಲೂ ಬರುತ್ತಿವೆ. ಹೆಂಡತಿ ಜೋಕುಗಳ ಸಂಗ್ರಹವನ್ನು ‘ಮಕ್ಕಳಿಗೆ ನಗೆಹನಿ’ ಎಂದು ಮಾರುವವರೂ ಇದ್ದಾರೆ. ಅಂಥ ನಗು ತರಗತಿಗೆ ಹೋದಾಗ ಒಂದು ಮಗುವಿನ ಅಳುವಾಗುತ್ತದೆ. ಹಾಸ್ಯದ ಪುಸ್ತಕ ಕೊಳ್ಳುವಾಗ ನಾನು ನೋಡುವುದು ಒಂದೇ: ಇಲ್ಲಿ ಎಡವಿ ಬೀಳುವವರು ಯಾರು? ರಾಜ, ಜಂಬದ ದೊಡ್ಡವರು, ತಾನೇ ಜಾಣ ಅಂದುಕೊಂಡವನು ಬಿದ್ದರೆ ಮಗು ನಿರ್ಭಯವಾಗಿ ನಗಬಹುದು. ತೆನಾಲಿ ರಾಮಕೃಷ್ಣನ ಕತೆಗಳು ಇಷ್ಟು ಕಾಲ ಬಾಳಿದ್ದೂ ಅದಕ್ಕೇ. ಬಡವ, ಕುಂಟ, ಪೆದ್ದನೆಂದು ಕರೆಸಿಕೊಳ್ಳುವವನು ಬಿದ್ದು ನಾವು ನಗಬೇಕೆಂದು ಪುಸ್ತಕ ಬಯಸಿದರೆ ಅದನ್ನು ಹಿಂದಕ್ಕೆ ಇಡಿ. ಹಳೆಯ ಒಳ್ಳೆಯ ಪುಸ್ತಕದಲ್ಲಿ ಅಂಥ ಒಂದೆರಡು ಸಾಲು ಸಿಕ್ಕರೆ ಪುಸ್ತಕವನ್ನೇ ಬಿಡಬೇಕಿಲ್ಲ. ಹದಿಹರೆಯದವರೊಂದಿಗೆ ಅದನ್ನೇ ಇಟ್ಟುಕೊಂಡು ಮಾತಾಡಬಹುದು. ಅವರು ನಮಗಿಂತ ಚುರುಕಾಗಿ ಗುರುತಿಸುತ್ತಾರೆ.

ಭಾಷೆಯ ಬಗ್ಗೆಯೂ ಒಂದು ಮಾತು. ಕುಂದಾಪುರದ, ಧಾರವಾಡದ, ಬಳ್ಳಾರಿಯ ಮಾತಿನ ಕನ್ನಡ ಪುಸ್ತಕದಲ್ಲಿ ಬಂದರೆ ‘ಮಗುವಿನ ಭಾಷೆ ಕೆಡುತ್ತದೆ’ ಎಂದು ಹೆದರುವ ಪಾಲಕರನ್ನು ಕಂಡಿದ್ದೇನೆ. ಹೆದರಬೇಡಿ. ಹಾಸ್ಯದ ಬೇರು ಇರುವುದೇ ಆಡುಮಾತಿನಲ್ಲಿ. ನಿಮ್ಮ ಮನೆಯ ಮಾತು ಅಚ್ಚಿನಲ್ಲಿ ಕಂಡರೆ ಮಗುವಿಗೆ ಹೆಮ್ಮೆಯಾಗುತ್ತದೆ, ಬೇರೆ ಸೀಮೆಯದಾದರೆ ಹೊಸ ರುಚಿ ಸಿಗುತ್ತದೆ.

ಕೊಳ್ಳುವುದು, ಓದಿಸುವುದು

ಸಣ್ಣ ಪ್ರಕಾಶಕರು ಮಕ್ಕಳ ಪುಸ್ತಕವನ್ನು ಅಚ್ಚು ಹಾಕಿಸುವುದು ಕಡಿಮೆ ಪ್ರತಿ. ಮುಗಿದರೆ ಮರುಮುದ್ರಣ ಯಾವಾಗಲೋ. ಆದ್ದರಿಂದ ಇಷ್ಟವಾದದ್ದು ಕಣ್ಣಿಗೆ ಬಿದ್ದಾಗ ಮುಂದಿನ ಸಂಬಳಕ್ಕೆ ಎಂದು ಮುಂದೂಡಬೇಡಿ. ಬೆಂಗಳೂರಿನಲ್ಲಿ ಗಾಂಧಿ ಬಜಾರಿನ ಅಂಕಿತ, ಗಾಂಧಿನಗರದ ಸಪ್ನ, ಬೇರೆ ಬೇರೆ ಊರುಗಳಲ್ಲಿ ನವಕರ್ನಾಟಕದ ಮಳಿಗೆಗಳು, ಧಾರವಾಡದಲ್ಲಿ ಮನೋಹರ ಗ್ರಂಥಮಾಲಾ ಇವೆ. ನವೆಂಬರ್ ಬಂದರೆ ಸಾಕು, ರಾಜ್ಯೋತ್ಸವದ ನೆಪದಲ್ಲಿ ಹಲವು ಕಡೆ ರಿಯಾಯಿತಿ ಸಿಗುತ್ತದೆ. ಕನ್ನಡ ಪುಸ್ತಕ ಪ್ರಾಧಿಕಾರವೂ ಕೊಡುತ್ತದೆ. ಹತ್ತು ಮನೆಯವರು ಸೇರಿ ಆಳಿಗೊಂದು ಪುಸ್ತಕ ಕೊಂಡು ತಿಂಗಳಿಗೊಮ್ಮೆ ಬದಲಾಯಿಸಿಕೊಂಡರೆ ಒಂದು ಪುಸ್ತಕದ ಖರ್ಚಿನಲ್ಲಿ ಹತ್ತು ಪುಸ್ತಕ ಓದಿದಂತಾಯಿತು. ನಮ್ಮ ಬೀದಿಯಲ್ಲಿ ನಾವು ಆರು ಮನೆಯವರು ಇದನ್ನು ಮಾಡುತ್ತಿದ್ದೇವೆ. ಗೆಳತಿ ಓದಿ ಕೊಟ್ಟ ಪುಸ್ತಕಕ್ಕೆ ಹದಿಹರೆಯದಲ್ಲಿ ಇರುವ ಬೆಲೆ ಅಪ್ಪ ತಂದುಕೊಟ್ಟ ಪುಸ್ತಕಕ್ಕೆ ಇರುವುದಿಲ್ಲ.

ಓದಿಸುವ ವಿಷಯದಲ್ಲಿ ಮಕ್ಕಳಿಂದಲೇ ಕಲಿತದ್ದು ಕೆಲವು. ‘ನಿನಗೊಂದು ಪುಟ, ನನಗೊಂದು ಪುಟ’ ಎಂದು ಸರದಿ ಹಾಕಿಕೊಂಡರೆ ಎಡವುವ ಮಗುವೂ ದಣಿಯದೆ ಮುಂದೆ ಹೋಗುತ್ತದೆ. ಓದಿ ಹೇಳುವುದನ್ನು ಮಗು ಅಕ್ಷರ ಕಲಿತ ದಿನವೇ ನಿಲ್ಲಿಸಬೇಡಿ, ಹದಿಮೂರರವರೆಗೂ ನಡೆಯಲಿ. ಮೂವತ್ತು ಪುಟ ಓದಿದರೂ ಹಿಡಿಸದ ಪುಸ್ತಕವನ್ನು ಬಿಟ್ಟುಬಿಡುವ ಸ್ವಾತಂತ್ರ್ಯ ಕೊಡಿ. ಒಂದೇ ಪುಸ್ತಕವನ್ನು ಏಳನೇ ಸಲ ಓದುತ್ತಿದ್ದರೆ ಓದಲಿ. ಪುಸ್ತಕ ಮುಚ್ಚಿದ ಕೂಡಲೇ ‘ಇದರಿಂದ ಏನು ಕಲಿತೆ?’ ಎಂದು ಕೇಳಲೇಬೇಡಿ. ‘ನಿಂಗೆ ಎಲ್ಲಿ ಜಾಸ್ತಿ ನಗು ಬಂತು?’ ಎಂದು ಕೇಳಿ ನೋಡಿ, ಕತೆ ಪೂರ್ತಿ ಹೊರಗೆ ಬರುತ್ತದೆ.

ಶಾಲೆಯ ಶಿಕ್ಷಕರಲ್ಲಿ ನನ್ನದೊಂದು ಬೇಡಿಕೆ. ನಾನು ಹೋಗಿದ್ದ ಒಂದು ಶಾಲೆಯಲ್ಲಿ ಒಳ್ಳೊಳ್ಳೆಯ ಮಕ್ಕಳ ಪುಸ್ತಕಗಳು ಬೀರುವಿನಲ್ಲಿದ್ದವು. ಬೀರುವಿಗೆ ಬೀಗ, ಬೀಗದ ಕೈ ಹೆಡ್‌ಮಾಸ್ತರರ ಮೇಜಿನ ಒಳಗೆ. ಪುಸ್ತಕ ಹರಿದರೆ ಲೆಕ್ಕ ಕೊಡಬೇಕಲ್ಲ ಎಂಬ ಅವರ ಆತಂಕ ನನಗೆ ಅರ್ಥವಾಗುತ್ತದೆ. ಆದರೂ ದಯವಿಟ್ಟು ತೆಗೆಯಿರಿ. ತರಗತಿಯ ಗೋಡೆಗೆ ಒಂದು ಹಗ್ಗ ಕಟ್ಟಿ, ಬಟ್ಟೆ ಒಣಹಾಕಿದ ಹಾಗೆ ಪುಸ್ತಕಗಳನ್ನು ತೂಗುಹಾಕಿ. ಮಕ್ಕಳು ಹೋಗಿ ಬರುವಾಗ ಮುಟ್ಟಲಿ. ಮುಟ್ಟಿದರೆ ತೆರೆಯುತ್ತಾರೆ.

ಹಳ್ಳಿಯಲ್ಲಿರುವವರಿಗೆ ಅಂಗಡಿ ದೂರ ಎಂಬ ಮಾತು ಈಗ ಅಷ್ಟು ನಿಜವಲ್ಲ. ರಾಜ್ಯದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ‘ಅರಿವು ಕೇಂದ್ರ’ ಎಂಬ ಹೆಸರಿನಲ್ಲಿ ನಡೆಯುತ್ತಿವೆ. 2020ರ ಮಕ್ಕಳ ದಿನಾಚರಣೆಯಂದು ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಿಂದ ಅಲ್ಲಿ ಮಕ್ಕಳಿಗೂ ಜಾಗವಾಗಿದೆ. ನಿಮ್ಮ ಊರಿನ ಕೇಂದ್ರದಲ್ಲಿ ಹೊಸ ಮಕ್ಕಳ ಕಾದಂಬರಿ ಇಲ್ಲದಿದ್ದರೆ ಇಲ್ಲಿ ಬಂದ ಹೆಸರುಗಳನ್ನು ಒಂದು ಚೀಟಿಯಲ್ಲಿ ಬರೆದು ಮೇಲ್ವಿಚಾರಕರ ಕೈಗೆ ಕೊಡಿ, ತರಿಸಿ ಎಂದು ಕೇಳಿ. ಈ ಶನಿವಾರ ಮಗುವನ್ನು ಕರೆದುಕೊಂಡೇ ಹೋಗಿ. ಕಪಾಟಿನ ಮುಂದೆ ಅವಳನ್ನು ಬಿಟ್ಟು ನೀವು ಹೊರಗೆ ಕಟ್ಟೆಯ ಮೇಲೆ ಕೂತಿರಿ, ಅವಳೇ ಆರಿಸಿಕೊಂಡು ಬರಲಿ. ಆರರಿಂದ ಹದಿನೆಂಟು ವರ್ಷದೊಳಗಿನ ಮಕ್ಕಳಿಗೆ ಅಲ್ಲಿ ಸದಸ್ಯತ್ವ ಉಚಿತ.